ಆರೈಕೆ ಮಾಡುವವರಿಗೆ ಆಸರೆ ಯಾರು?

ಜೂನ್ 8 ವಿಶ್ವ ಮೆದುಳು ಗೆಡ್ಡೆ ದಿನ. ಆ ದಿನ ರೋಗಲಕ್ಷಣ, ಚಿಕಿತ್ಸೆಗಳ ಕುರಿತು ಚರ್ಚೆ ನಡೆಯುತ್ತದೆ. ರೋಗಿಯ ಮಗ್ಗುಲಲ್ಲಿ ಹಗಲಿರುಳು ನಿಂತವರ ಕುರಿತ ಮಾತು ಮಾತ್ರ ವಿರಳ. ಸದ್ಭಕ್ತರು ಅವರ ಕಡೆಗೂ ದೃಷ್ಟಿ ಹರಿಸಬೇಕೆಂಬುದು ನಮ್ಮ ಅರಿಕೆ.

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಈ ಭಾರ ಇನ್ನೂ ಹೆಚ್ಚು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯ ಆಸ್ಪತ್ರೆಯೂ ಉಳಿಯಲಿಲ್ಲ. ಅಂದಿನಿಂದ ಸಾವಿರಾರು ಜನ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ನಸುಕಿನ ರೈಲು ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಮನೆ ಸೇರುತ್ತಿದ್ದಾರೆ. ಮೆದುಳಿನ ಗೆಡ್ಡೆಯ ಚಿಕಿತ್ಸೆಗೂ ನಿಮ್ಹಾನ್ಸ್, ಕಿದ್ವಾಯಿಯಂತಹ ಬೆಂಗಳೂರಿನ ಸಂಸ್ಥೆಗಳೇ ಗತಿ. ಕೆಲವು ಗೆಡ್ಡೆಗಳಿಗೆ ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ಜೊತೆಗೆ ಹೋಗುವವರೇ ಮನೆಗೆ ದುಡಿದು ಹಾಕುವವರಾದರೆ ಅಷ್ಟೂ ದಿನದ ಕೂಲಿ ಇಲ್ಲವಾಗುತ್ತದೆ.

ಸರ್ಕಾರದ ನೆರವು ಇಲ್ಲವೆಂದಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಕ್ಯಾನ್ಸರ್ ಗೆಡ್ಡೆಯಾಗಿದ್ದಲ್ಲಿ, ವೈದ್ಯರ ಪ್ರಮಾಣಪತ್ರ ತೋರಿಸಿದರೆ, ರೈಲಿನ ಎರಡನೇ ದರ್ಜೆಯಲ್ಲಿ ರೋಗಿಗೂ ಜೊತೆಗಾರರಿಗೂ ಶೇ. 75 ರಿಯಾಯಿತಿ ಉಂಟು. ಆದರೆ ಆರೈಕೆದಾರರು ಕಳೆದುಕೊಂಡ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. 2024–25ರ ರಾಜ್ಯ ಬಜೆಟ್ ಆರೈಕೆದಾರರಿಗೆ ಮಾಸಿಕ 1,000 ರೂಪಾಯಿ ಪ್ರಕಟಿಸಿದಾಗ ಹೆಸರಿಸಿದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಗಳನ್ನು. ಗೆಡ್ಡೆಯಿಂದ ನಡಿಗೆ, ಮಾತು ಕಳೆದುಕೊಂಡವರನ್ನು ನೋಡಿಕೊಳ್ಳುವ ದುಡಿಮೆ ಇವಕ್ಕಿಂತ ಹಗುರವಲ್ಲ. ಆ ಪಟ್ಟಿ ವಿಸ್ತಾರಗೊಳ್ಳಬೇಕು.

ಹಣದಿಂದ ನೀಗದ ಭಾರವೂ ಒಂದಿದೆ. ಸೌಮ್ಯನಾಗಿದ್ದ ಪತಿ ಸಿಡುಕನಾಗುತ್ತಾನೆ. ಮನೆಯ ಲೆಕ್ಕವೆಲ್ಲ ನೋಡುತ್ತಿದ್ದ ತಾಯಿ ಮನೆಯ ದಾರಿಯನ್ನೇ ಮರೆಯುತ್ತಾಳೆ. ಇದು ರೋಗದ, ಕೆಲವೊಮ್ಮೆ ಔಷಧದ ಪರಿಣಾಮವೇ ಹೊರತು ಸ್ವಭಾವದ ದೋಷವಲ್ಲ. ಇಂತಹ ಮನೆಗೆ ಹೋಗಿ ಪೂರ್ವಕರ್ಮ, ಗ್ರಹಚಾರ ಎಂದು ನುಡಿಯುವುದು ಶರಣರ ಮಾರ್ಗವಲ್ಲ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಎದ್ದುಬರುವುದೂ ಸಾಲದು. ಬಳಲಿದವರಿಗೆ ಕೇಳುವ ಚೈತನ್ಯವೂ ಉಳಿದಿರುವುದಿಲ್ಲ.

ಆದುದರಿಂದ ಅವರು ಕೇಳುವ ಮೊದಲೇ ನಾವು ಮುಂದಾಗಬೇಕು. ನಾಲ್ಕೈದು ಮನೆಯವರು ಸೇರಿ ಸರದಿ ಮಾಡಿಕೊಳ್ಳಬಹುದು: ಒಬ್ಬರು ವಾರಕ್ಕೊಮ್ಮೆ ಬೆಂಗಳೂರಿಗೆ ಜೊತೆಯಾಗಲಿ, ಇನ್ನೊಬ್ಬರು ಪಡಿತರ ತರಲಿ, ಮತ್ತೊಬ್ಬರು ಒಂದು ರಾತ್ರಿ ರೋಗಿಯ ಬಳಿ ಕುಳಿತು ಮನೆಯವರಿಗೆ ನಿದ್ರೆ ದೊರಕಿಸಲಿ. ಹಾಗೆ ಕೂರುವವರು ಒಂದು ವಿಷಯ ಅರಿತಿರಬೇಕು. ಫಿಟ್ಸ್ ಬಂದರೆ ರೋಗಿಯನ್ನು ಮಗ್ಗುಲಾಗಿ ಮಲಗಿಸಬೇಕು; ಬಾಯಿಗೆ ಏನನ್ನೂ ಹಾಕಬಾರದು; ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ; ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು.

ಕ್ಯಾನ್ಸರ್ ಗುಣವಾಗದ ಹಂತ ತಲುಪಿದಾಗ ಬೆಂಗಳೂರಿನ ಕರುಣಾಶ್ರಯವು ಶುಲ್ಕವಿಲ್ಲದೆ ಆರೈಕೆ ನೀಡುತ್ತದೆ. ಅಲ್ಲಿಗೆ ಕರೆದೊಯ್ದವರನ್ನು ‘ಕೈಬಿಟ್ಟರು’ ಎಂದು ಯಾರೂ ದೂಷಿಸದಿರಲಿ.

ದಾಸೋಹಕ್ಕೆ ಅಕ್ಕಿ, ಬೇಳೆ ತಂದೊಪ್ಪಿಸುವ ಭಕ್ತರಲ್ಲಿ ನಮ್ಮದೊಂದು ವಿನಂತಿ: ನಿಮ್ಮ ಬೀದಿಯಲ್ಲಿ ಇಂತಹ ಮನೆಯೊಂದಿದ್ದರೆ, ಈ ವಾರ ನಿಮ್ಮ ಒಂದು ದಿನವನ್ನು ಆ ಮನೆಗೆ ಸಲ್ಲಿಸಿರಿ.