ಹಳೆಯ ಹಡಗಿನ ಗಡಿಯಾರಕ್ಕೆ ಹೊಸ ಮುಖ ಬೇಕೆ?

ನಿವೃತ್ತನಾದ ಮೇಲೆ ಅಂಟಿಸಿಕೊಂಡ ಹವ್ಯಾಸಗಳಿಗೆ ಮನೆಯಲ್ಲಿ ಮನ್ನಣೆ ದೊರೆಯುವುದು ಅಪರೂಪ. ಮುಂಬಯಿಯ ಚೋರ್ ಬಜಾರಿನಿಂದ 2,200 ರೂಪಾಯಿ ಕೊಟ್ಟು ನಾನು ಹಡಗಿನ ಗಡಿಯಾರವೊಂದನ್ನು ಹೊತ್ತು ತಂದಾಗ, "ನಿಂತುಹೋದ ಗಡಿಯಾರಕ್ಕೆ ಇಷ್ಟು ದುಡ್ಡೇ?" ಎಂದಳು ನನ್ನಾಕೆ. ಗುಜರಾತಿನ ಅಲಂಗ್‌ನಲ್ಲಿ ಒಡೆದ ಹಡಗಿನದೆಂದು ವ್ಯಾಪಾರಿ ಹೇಳಿದ್ದ, ನಿಜವೋ ಸುಳ್ಳೋ! ಭಾರವಾದ ಲೋಹದ ಕವಚ, ಡಯಲ್ಲಿನ ಕೆಳಗೆ ರಷ್ಯನ್ ಅಕ್ಷರಗಳು. ಅಂಕಿಗಳ ಸುತ್ತ ಎರಡು ಕೆಂಪು ಪಟ್ಟಿ, ಎರಡು ಹಸಿರು ಪಟ್ಟಿ.

ಹಡಗಿನಲ್ಲಿ ಲೋಲಕದ ಗಡಿಯಾರ ಕೆಲಸಕ್ಕೆ ಬಾರದು. ನೆಲವೇ ತೂಗಾಡುವಾಗ ಲೋಲಕ ಯಾರ ಮಾತು ಕೇಳೀತು? ಆದ್ದರಿಂದ ಅಲ್ಲಿ ಕಾಲವನ್ನು ಅಳೆಯುವುದು ಕೈಗಡಿಯಾರದಲ್ಲಿರುವಂತೆ ಅತ್ತಿತ್ತ ತಿರುಗುವ ಚಕ್ರ ಮತ್ತು ಅದಕ್ಕೆ ಜೋಡಿಸಿದ ಕೂದಲೆಳೆಯಂಥ ಸುರುಳಿ. ಕೊಳ್ಳುವ ಮುನ್ನ ಗಡಿಯಾರವನ್ನು ಮೆಲ್ಲಗೆ ಅಲುಗಿಸಿ ನೋಡಬೇಕು. ಚಕ್ರ ಒಂದೆರಡು ಬಾರಿಯಾದರೂ ಸಲೀಸಾಗಿ ತೂಗಿದರೆ ಸಾಮಾನ್ಯವಾಗಿ ಕೆಟ್ಟಿರುವುದು ಯಂತ್ರವಲ್ಲ, ಒಣಗಿ ಅಂಟಾದ ಎಣ್ಣೆ.

ನಮ್ಮೂರಿನ ರಿಪೇರಿಯವರು ಎರಡು ಸಲಹೆ ಕೊಟ್ಟರು. "ಮೇಷ್ಟ್ರೇ, ಇದನ್ನು ಕಿತ್ತು ಸೆಲ್ಲಿನ ಮಿಷನ್ ಹಾಕಿಬಿಡೋಣ. ಡಯಲ್ಲಿಗೂ ಹೊಸ ಬಣ್ಣ ಹೊಡೆಸೋಣ." ಮೊದಲನೆಯದನ್ನು ಒಪ್ಪಲಿಲ್ಲ. ಎರಡನೆಯದಕ್ಕೆ ಮಾತ್ರ ಮನಸ್ಸು ಸೋತಿತು. ಯಾರೋ ಗೀಚಿದಂತಿದ್ದ ಆ ಪಟ್ಟಿಗಳನ್ನು ನಾನೇ ಒರೆಸಿಬಿಡೋಣವೆಂದು ಥಿನ್ನರ್ ಅದ್ದಿದ ಬಟ್ಟೆ ಹಿಡಿದು ಕುಳಿತೆ. ಒಂದಿಷ್ಟು ಕೆಂಪು ಬಟ್ಟೆಗೆ ಹತ್ತಿದ ಮೇಲೆ, ಇದು ಏನಿರಬಹುದೆಂಬ ವಿವೇಕ ಉದಯಿಸಿತು. ವಿದ್ಯಾರ್ಥಿಗಳಿಗೆ 'ಮೊದಲು ಓದಿ, ಆಮೇಲೆ ಪ್ರಯೋಗ ಮಾಡಿ' ಎಂದು ಬೋಧಿಸಿದವನು ನಾನು!

ಅದು ಹಡಗಿನ ರೇಡಿಯೋ ಕೊಠಡಿಯ ಗಡಿಯಾರ. ಪ್ರತಿ ಗಂಟೆಯ 15ರಿಂದ 18 ಹಾಗೂ 45ರಿಂದ 48ನೆಯ ನಿಮಿಷದವರೆಗೆ ಹಡಗುಗಳ ರೇಡಿಯೋದವರು 500 ಕಿಲೋಹರ್ಟ್ಜ್‌ನಲ್ಲಿ ಮಾರ್ಸ್ ಕಳಿಸುವುದನ್ನು ನಿಲ್ಲಿಸಿ, ಎಲ್ಲಿಂದಲಾದರೂ ಅಪಾಯದ ಕರೆ ಬರುತ್ತಿದೆಯೇ ಎಂದು ಬರಿದೇ ಕಿವಿಗೊಡಬೇಕಿತ್ತು. ಕೆಂಪು ಪಟ್ಟಿ ಆ ಮೌನದ ಗುರುತು. ಗಂಟೆ ಮತ್ತು ಅರ್ಧಗಂಟೆಯ ಮೊದಲ ಮೂರು ನಿಮಿಷಗಳ ಹಸಿರು ಪಟ್ಟಿ ಮಾತಿನ ರೇಡಿಯೋಗೆ. ಉಪಗ್ರಹಗಳನ್ನೂ ಬಳಸುವ ಹೊಸ ವ್ಯವಸ್ಥೆ 1999ರ ಫೆಬ್ರವರಿ 1ರಂದು ಪೂರ್ತಿ ಜಾರಿಗೆ ಬಂದಮೇಲೆ ಈ ಪದ್ಧತಿ ಹಿಂದೆ ಸರಿಯಿತು.

ಅಗ್ಗದ ಗಡಿಯಾರವನ್ನು ಉತ್ತಮಗೊಳಿಸುವವರು ಅದರ ಒಳಗನ್ನು ತಿದ್ದಲಿ, ಮುಖವನ್ನು ಮುಟ್ಟದಿರಲಿ ಎಂಬುದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ. ರಿಪೇರಿಯವರು ಕೊನೆಗೆ ನನ್ನ ಹಟಕ್ಕೆ ಮಣಿದು ಮುಖ್ಯ ಸ್ಪ್ರಿಂಗಿನ ಬಿಗಿ ಇಳಿಸಿ, ಯಂತ್ರವನ್ನು ಬಿಚ್ಚಿ ತೊಳೆದರು. ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಷ್ಟು ಮಾತ್ರ, ಅಚ್ಚುಗಳು ತಿರುಗುವ ರಂಧ್ರಗಳಿಗೆ ಬಿಟ್ಟರು. ಹಲ್ಲುಚಕ್ರಗಳ ಹಲ್ಲಿಗಾಗಲಿ ಆ ಸುರುಳಿಗಾಗಲಿ ಎಣ್ಣೆ ತಾಗಬಾರದಂತೆ. ಹೊಲಿಗೆ ಯಂತ್ರದ ಎಣ್ಣೆ ಸುರಿಯುವ ನನ್ನಂಥವರು ಗಮನಿಸಬೇಕು. ಓಡತೊಡಗಿದಾಗ ದಿನಕ್ಕೆ ಒಂಬತ್ತು ನಿಮಿಷ ಹಿಂದೆ ಬೀಳುತ್ತಿತ್ತು. ವೇಗ ತಿದ್ದುವ ಪುಟ್ಟ ಸನ್ನೆಯನ್ನು ಎರಡು ವಾರ ಕೂದಲೆಳೆಯಷ್ಟು ಸರಿಸುತ್ತ ಹೋದೆ. ಈಗ ಅರ್ಧ ನಿಮಿಷದೊಳಗಿದೆ. ಒಟ್ಟು ಖರ್ಚು 600 ರೂಪಾಯಿ.

ಡಯಲ್ಲಿನ 17ನೆಯ ನಿಮಿಷದ ಬಳಿ ಕೆಂಪು ಬೋಳಾಗಿದೆ. ರಿಪೇರಿಯವರು ಅದನ್ನು ತುಂಬಿಕೊಡುವುದಾಗಿ ಇನ್ನೂ ಹೇಳುತ್ತಾರೆ. ನಾನು ಬೇಡವೆನ್ನುತ್ತಲೇ ಇದ್ದೇನೆ.