ಕರೆದು ದಂಡಿಸಿದ ವರ್ಷ

ಚೀನಾದೇಶದ 1957ನೆಯ ವರ್ಷವನ್ನು ಕುರಿತು ಮೃದುವಾದ ವಾದವೊಂದುಂಟು: ಅಂದಿನ ಬಲಪಂಥೀಯ ವಿರೋಧದ ಚಳುವಳಿಯು ಯುಕ್ತವೇ ಆಗಿತ್ತು, ಅದರ ವ್ಯಾಪ್ತಿ ಮಾತ್ರ ಮಿತಿಮೀರಿತು ಎಂಬುದು. 1981ರಲ್ಲಿ ಆ ದೇಶದ ಕಮ್ಯುನಿಸ್ಟ್ ಪಕ್ಷವೇ ಈ ತೀರ್ಪನ್ನು ಬರೆದಿಟ್ಟಿತು. ಈ ವಾದವು ನ್ಯಾಯದೆದುರು ನಿಲ್ಲತಕ್ಕುದಲ್ಲ.

ನಡೆದುದೇನು? ನೂರು ಹೂಗಳು ಅರಳಲಿ ಎಂದು 1956ರಲ್ಲಿ ಸಾರಿದವರು ಮಾವೋ ತ್ಸೆ ತುಂಗರೇ. ಮರುವರ್ಷದ ವಸಂತದಲ್ಲಿ ಪಕ್ಷವು ತನ್ನ ದೋಷಗಳನ್ನು ಎತ್ತಿ ತೋರಿಸಿರೆಂದು ವಿದ್ವಾಂಸರನ್ನು ಕೇಳಿಕೊಂಡಿತು. ಮೊದಲು ಹಿಂಜರಿದವರು ಕಡೆಗೆ ಬಾಯ್ದೆರೆದರು. ದೇಶವೆಲ್ಲ ಒಂದೇ ಪಕ್ಷದ ಸೊತ್ತಾಗಿದೆಯೆಂಬ ಭಾವನೆಯನ್ನು ಜೂನ್ 1ರಂದು ಪತ್ರಿಕಾಸಂಪಾದಕ ಚು ಆನ್‌ಪಿಂಗರು ಆಕ್ಷೇಪಿಸಿದರು. ಜೂನ್ 8ರಂದು ಪಕ್ಷದ ಮುಖಪತ್ರಿಕೆಯು ಪ್ರತ್ಯಾಘಾತದ ಕಹಳೆಯನ್ನೂದಿತು. ಮುಂದಿನ ವರ್ಷದೊಳಗಾಗಿ ಸುಮಾರು 5,50,000 ಮಂದಿ ‘ಬಲಪಂಥೀಯ’ರೆಂಬ ಮುದ್ರೆಯನ್ನು ಹೊತ್ತರು. ಇದು ಒಳಸಂಚೆಂದವರಿಗೆ, ಅಲ್ಲ, ಬಹಿರಂಗವಾದ ಸಂಚೆಂದೇ ಜುಲೈ 1ರ ಸಂಪಾದಕೀಯವು ಉತ್ತರವಿತ್ತಿತು!

ಹೀಗಿರಲು ದೋಷವು ಬರಿಯ ಸಂಖ್ಯೆಯಲ್ಲಿದೆಯೆಂದರೆ ಹೇಗೆ? ಕೇಳಿದ್ದಕ್ಕೆ ಉತ್ತರವಿತ್ತವನನ್ನು ದಂಡಿಸುವುದು ಲಕ್ಷಜನರ ವಿಷಯದಲ್ಲಿ ಅಧರ್ಮವಾದರೆ ಒಬ್ಬನ ವಿಷಯದಲ್ಲಿಯೂ ಅಧರ್ಮವೇ. 1978ರ ಅನಂತರ ಬಹುಮಂದಿಯ ಮುದ್ರೆಯನ್ನು ಅಳಿಸಲಾಯಿತು. 1966ರಲ್ಲಿ ಕಣ್ಮರೆಯಾದ ಚು ಆನ್‌ಪಿಂಗರೇ ಮೊದಲಾದ ಕೆಲವರ ಮುದ್ರೆ ಹಾಗೆಯೇ ಉಳಿಯಿತು. ಕೆಲವರನ್ನಾದರೂ ಅಪರಾಧಿಗಳಾಗಿ ಉಳಿಸಿಕೊಳ್ಳದಿದ್ದರೆ ‘ಯುಕ್ತ’ವೆಂಬ ಮಾತಿಗೆ ಆಧಾರವೆಲ್ಲಿ?

ದಂಡವನ್ನು ತೆತ್ತವರು ಅವರಷ್ಟೇ ಅಲ್ಲ. 1958ರಲ್ಲಿ ‘ಮಹಾಜಿಗಿತ’ವು ಆರಂಭವಾದಾಗ, ಲೆಕ್ಕ ತಪ್ಪೆಂದು ಹೇಳಬಲ್ಲವರ ಬಾಯಿ ಆಗಲೇ ಮುಚ್ಚಿಹೋಗಿತ್ತು. ಅದರ ಬೆನ್ನಲ್ಲೇ ಬಂದ ಕ್ಷಾಮದಲ್ಲಿ ಕೋಟಿಗೂ ಮಿಕ್ಕ ಜನ ಮಡಿದರು. ವಿಮರ್ಶಕನನ್ನು ಅಡಗಿಸಿದ ರಾಜ್ಯವು ತನ್ನ ಕಣ್ಣನ್ನೇ ಕಿತ್ತುಕೊಳ್ಳುತ್ತದೆ. ಎಡವಿ ಬೀಳುವವರು ಮಾತ್ರ ಪ್ರಜೆಗಳು.