ಕಾಡಿನ ಕಾಲುದಾರಿ ಯಾರದು?

ಬೆಟ್ಟವನ್ನು ಕಾಣಬೇಕೆಂಬ ಆಶೆಯು ಮನುಷ್ಯನ ಹೃದಯಕ್ಕೆ ಸಹಜವಾದುದು. ಆ ಆಶೆಯಿಂದ ಬೆಟ್ಟಕ್ಕೆ ಕೇಡಾಗಬಾರದೆಂಬುದು ಅವನ ವಿವೇಕಕ್ಕೆ ಸಹಜವಾದುದು. ಈ ಎರಡನ್ನೂ ಹೊಂದಿಸಿಕೊಳ್ಳುವುದರಲ್ಲಿ ಕನ್ನಡನಾಡು ಈಚೆಗೆ ಎಡವುತ್ತಿದೆ. ಎಡವಿಸಿದ ಕಲ್ಲು ಯಾವುದೆಂದು ನೋಡದೆ ಕಾಲನ್ನೇ ಕಟ್ಟಿಹಾಕಬೇಕೆಂಬ ಅಭಿಪ್ರಾಯವು ಪ್ರಬಲವಾಗುತ್ತಿರುವುದರಿಂದ ಈ ವಿಷಯವನ್ನು ಬಿಚ್ಚಿ ವಿಚಾರಿಸುವುದು ಅವಶ್ಯಕವಾಗಿದೆ.

ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದ ಕುಮಾರಪರ್ವತವು 1,712 ಮೀಟರು ಎತ್ತರದ ಶಿಖರ. ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮೇಲೆ ಹಾಯುವ ದಾರಿ ಒಂದು. ಸೋಮವಾರಪೇಟೆಯ ಕಡೆಯ ಹೆಗ್ಗಡೆಮನೆಯಿಂದ ಏರುವ ದಾರಿ ಇನ್ನೊಂದು. 2024ನೆಯ ಇಸವಿಯ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಂದು, ಈ ಬೆಟ್ಟದ ದಾರಿಯಲ್ಲಿ ಸಾವಿರಾರು ಜನರು ಇರುವೆಯ ಸಾಲಿನಂತೆ ನಿಂತರು. ಆ ಸಾಲಿನ ಚಿತ್ರಗಳು ನಾಡೆಲ್ಲ ಹರಡಿದುವು. ಸರಕಾರವು ಕೂಡಲೇ, ಮುಂಗಡ ನೋಂದಣಿಯ ಏರ್ಪಾಡಿಲ್ಲದ ಚಾರಣದ ದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ವೆಂಬ ಅಂತರ್ಜಾಲ ವ್ಯವಸ್ಥೆಯನ್ನು ತೆರೆದು, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿಯನ್ನು ಗೊತ್ತುಮಾಡಿತು.

ಮಿತಿಯು ಬೇಕಾದುದೇ. ಅದನ್ನು ಅಲ್ಲಗಳೆಯುವವನು ಕಾಡಿನ ಮಿತ್ರನಲ್ಲ. ಆದರೆ ಆ ಪ್ರಸಂಗದಿಂದ ಅನೇಕರು ತೆಗೆದ ಸಿದ್ಧಾಂತವು ಮಾತ್ರ ತಪ್ಪಾದುದು. ನಡೆಯುವವರು ಹೆಚ್ಚಾದರು, ಆದುದರಿಂದ ನಡಿಗೆಯೇ ಕಾಡಿಗೆ ಶತ್ರುವೆಂಬುದು ಅವರ ತರ್ಕ. ಸಾವಿರಾರು ಜನರು ಒಂದೇ ಬೆಟ್ಟಕ್ಕೆ ಏಕೆ ಮುಗಿಬಿದ್ದರೆಂಬುದನ್ನು ಇವರು ವಿಚಾರಿಸಲಿಲ್ಲ. ಪಶ್ಚಿಮಘಟ್ಟಗಳಂಥ ವಿಶಾಲವಾದ ಗಿರಿಪ್ರದೇಶದಲ್ಲಿ ಗುರುತುಮಾಡಿದ, ಜನರಿಗೆ ಪರಿಚಿತವಾದ, ಅಧಿಕೃತವಾಗಿ ತೆರೆದ ದಾರಿಗಳು ತೀರ ಕಡಮೆ. ಊರಿಗೆಲ್ಲ ಒಂದೇ ಬಾವಿಯಿದ್ದರೆ ಬಾವಿಕಟ್ಟೆಯಲ್ಲಿ ಜಗಳವಾಗುವುದು ನೀರಡಿಕೆಯ ತಪ್ಪಲ್ಲ.

ಇದಕ್ಕೆ ಎದುರಾಗಿ ಮುಳ್ಳಯ್ಯನಗಿರಿಯನ್ನು ಇಟ್ಟು ನೋಡಬಹುದು. ಸುಮಾರು 1,930 ಮೀಟರು ಎತ್ತರದ ಈ ಶಿಖರವು ಕರ್ನಾಟಕದಲ್ಲಿಯೇ ಅತ್ಯುನ್ನತವಾದುದು. ಆದರೂ ತುದಿಯ ಸಮೀಪದವರೆಗೆ ಮೋಟಾರು ಏರುತ್ತದೆ. ಉಳಿದ ಮೆಟ್ಟಿಲುಗಳನ್ನು ಹತ್ತಿದರಾಯಿತು. ರಜೆಯ ದಿನಗಳಲ್ಲಿ ಅಲ್ಲಿಯ ಕಿರಿದಾದ ದಾರಿಯಲ್ಲಿ ವಾಹನಗಳು ಒಂದರ ಬಾಲವನ್ನೊಂದು ಮುಟ್ಟಿ ನಿಂತು, 2025ರಲ್ಲಿ ಜಿಲ್ಲಾಡಳಿತವು ವಾಹನಗಳಿಗೂ ಮುಂಗಡ ನೋಂದಣಿಯನ್ನು ವಿಧಿಸಬೇಕಾಯಿತು. ಕುಮಾರಪರ್ವತದಲ್ಲಿ ತಲೆಗಳನ್ನು ಎಣಿಸಿದರು. ಇಲ್ಲಿ ಚಕ್ರಗಳನ್ನು ಎಣಿಸಬೇಕಾಯಿತು. ಎರಡೂ ಒಂದೇ ರೋಗವೆಂದು ತೋರಬಹುದು, ಒಂದೇ ಅಲ್ಲ. ಕುಕ್ಕೆಯಿಂದ ಕುಮಾರಪರ್ವತದ ತುದಿಗೆ ಒಂದೂವರೆ ಸಾವಿರ ಮೀಟರಿಗೆ ಮೇಲ್ಪಟ್ಟ ಏರು. ಅಲ್ಲಿ ಜನಸಂದಣಿಯು ವರ್ಷದ ಕೆಲವು ರಜೆಗಳ ಉತ್ಪಾತ. ಮಿಕ್ಕ ದಿನಗಳಲ್ಲಿ ಬೆಟ್ಟವೇ ಬಂದವರನ್ನು ಜರಡಿಹಿಡಿಯುತ್ತದೆ. ದಣಿವೆಂಬುದು ಬೆಟ್ಟವು ತನಗಾಗಿ ತಾನೇ ಇಟ್ಟುಕೊಂಡ ಕಾವಲುಗಾರ. ಮೋಟಾರು ದಾರಿಯನ್ನು ಶಿಖರಕ್ಕೆ ಮುಟ್ಟಿಸಿದ ದಿನವೇ ಆ ಕಾವಲುಗಾರನು ಕೆಲಸದಿಂದ ತೆಗೆದುಹಾಕಲ್ಪಟ್ಟನು. ಅವನ ಸ್ಥಾನದಲ್ಲಿ ಈಗ ಎಷ್ಟು ಸಿಪಾಯಿಗಳನ್ನು ನಿಲ್ಲಿಸಿದರೂ ಸಾಲದು.

ಯಂತ್ರದಿಂದಾಗುವ ಹಾನಿಯು ಸಂಖ್ಯೆಯೊಂದರದೇ ಅಲ್ಲ. ಘಟ್ಟದ ನೆತ್ತಿಯಲ್ಲಿರುವ ಹುಲ್ಲಿನ ಬೋಳುಗುಡ್ಡಗಳೂ ಅವುಗಳ ಮಡಿಕೆಗಳಲ್ಲಿ ಅಡಗಿರುವ ಶೋಲೆಯ ಕಾಡುಗಳೂ ಕೂಡಿ ಮಳೆಯ ನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವು ಇಂತಹ ಸೀಮೆಯಲ್ಲಿದೆ. ಆ ಗುಡ್ಡಗಳ ಮೇಲಣ ಮಣ್ಣಿನ ಪದರವು ತೆಳುವಾದುದು. ಏರಿನಲ್ಲಿ ಗಿರಕಿಹೊಡೆಯುವ ಯಂತ್ರಚಕ್ರವು ಹುಲ್ಲಿನ ಬೇರನ್ನು ಕಿತ್ತ ಜಾಗದಲ್ಲಿ ಮುಂದಿನ ಮಳೆಗಾಲದ ನೀರು ಕಾಲುವೆ ಮಾಡುತ್ತದೆ. ಅದರ ಮರುವರ್ಷ ಅದೇ ಕೊರಕಲು. ಬೆಟ್ಟದ ನೆತ್ತಿಯ ಹುಲ್ಲು ಹರಿದರೆ ಬಯಲಿನ ರೈತನ ಹೊಳೆ ಬಡವಾಗುವುದೆಂಬುದನ್ನು ವಿನೋದಕ್ಕಾಗಿ ಗುಡ್ಡದ ಮೇಲೆ ಜೀಪನ್ನೂ ಮೋಟಾರು ಸೈಕಲ್ಲನ್ನೂ ಏರಿಸುವ ಸಾಹಸಿಗಳು ಅರಿಯರು.

ಹೀಗಿದ್ದರೂ ಶಾಸನದ ಕಣ್ಣಿಗೆ ಸಂಶಯದ ವ್ಯಕ್ತಿಯಾಗಿರುವವನು ಕಾಲ್ನಡಿಗೆಯವನೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ವನ್ಯಜೀವಿಧಾಮದೊಳಕ್ಕೆ ಪರವಾನಗಿಯಿಲ್ಲದೆ ಹೋಗತಕ್ಕವರು ಕರ್ತವ್ಯದ ಮೇಲಿರುವ ನೌಕರರು, ಅಲ್ಲಿ ವಾಸಕ್ಕೆ ಅನುಮತಿ ಪಡೆದವರು, ಅಲ್ಲಿ ಸ್ಥಿರಾಸ್ತಿಯುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮತ್ತು ಇಂಥವರ ಅವಲಂಬಿತರು. ಹೆದ್ದಾರಿಯ ಲಾರಿಗೆ ಚೀಟಿ ಬೇಡ. ಕಾಲುದಾರಿಯ ಯಾತ್ರಿಕನಿಗೆ ಬೇಕು! ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿಯ ಸಂಚಾರವನ್ನು ತಡೆಯಬೇಕಾಗಿ ಬಂದುದು ಪಾದಚಾರಿಗಳು ಮೃಗಗಳ ಮೇಲೆ ಹಾಯ್ದುದರಿಂದಲ್ಲ. ಕುದುರೆಮುಖದ ಸೀಮೆಯನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಿದ ಬಳಿಕವೂ ಅದರ ಮಡಿಲಿನಲ್ಲಿಯೇ ಕಬ್ಬಿಣದ ಅದಿರಿನ ಗಣಿಯು 2005ರ ಅಂತ್ಯದವರೆಗೆ ನಡೆಯಿತು. ನಿಲ್ಲಿಸುವುದಕ್ಕೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯೇ ಬೇಕಾಯಿತು. ಬೆಟ್ಟವನ್ನೇ ಕರಗಿಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿಸಿದ್ದನ್ನು ಅಷ್ಟು ಕಾಲ ಸಹಿಸಿದ ನಾಡು, ಬೆನ್ನಮೇಲೆ ಬುತ್ತಿಯ ಗಂಟನ್ನು ಹೊತ್ತವನ ಹೆಜ್ಜೆಗೆ ಬೆಚ್ಚುವುದು ವಿಚಿತ್ರವಲ್ಲವೇ?

ಈ ಕಾಲುದಾರಿಗಳನ್ನು ಯಾವ ಇಲಾಖೆಯೂ ಮೊದಲು ಕಡಿದುದಲ್ಲ. ಯಾತ್ರಿಕರು, ದನಗಾಹಿಗಳು, ಏಲಕ್ಕಿ ಕೊಯ್ಯುವವರು, ಜೇನು ಕೀಳುವವರು, ಘಟ್ಟದ ಮೇಲಿನ ಮನೆಗೆ ಕೆಳಗಿನಿಂದ ಉಪ್ಪನ್ನು ಹೊತ್ತವರು ತಲೆತಲಾಂತರದಿಂದ ಸವೆಸಿದ ದಾರಿಗಳಿವು. ಕುಮಾರಪರ್ವತದ ತಪ್ಪಲಿನ ಸೀಮೆಯನ್ನು ಕಥಾರಂಗವಾಗಿ ಮಾಡಿಕೊಂಡ ಶಿವರಾಮ ಕಾರಂತರ ‘ಬೆಟ್ಟದ ಜೀವ’ವು (1943) ಕಾಡಿನಲ್ಲಿ ದಾರಿತಪ್ಪಿದ ಪ್ರಯಾಣಿಕನೊಬ್ಬನಿಗೆ ದೊರೆತ ಆತಿಥ್ಯದಿಂದಲೇ ಮೊದಲಾಗುವುದು ಆಕಸ್ಮಿಕವಲ್ಲ. ಕಾಲುದಾರಿಯಿದ್ದಲ್ಲಿ ಮನೆಯಿತ್ತು, ಮನೆಯಿದ್ದಲ್ಲಿ ಮಜ್ಜಿಗೆಯಿತ್ತು. ದಾರಿಯು ಹಾಳಾದರೆ ಆ ಸಂಬಂಧವೂ ಹಾಳು.

ಇಲ್ಲಿ ಎರಡು ಪಕ್ಷದವರು ಎದ್ದು ನಿಲ್ಲುತ್ತಾರೆ. ಮೊದಲನೆಯವರು, “ಕಾಡನ್ನು ಎಲ್ಲರಿಗೂ ಮುಚ್ಚಿಬಿಡಿ, ಮನುಷ್ಯನೇ ಬೇಡ” ಎನ್ನುವ ಪರಿಶುದ್ಧರು. ಇವರ ಮಾತಿನಲ್ಲಿ ಒಂದಂಶ ಸತ್ಯ. ಆನೆ ಹುಲಿಗಳ ನೆಲೆಯಾದ ಗಹನಾರಣ್ಯದಲ್ಲಿ ವಿಹಾರಕ್ಕೆ ಎಡೆಯಿರಕೂಡದು. ಮಾಘ ಕಳೆದು ಹುಲ್ಲು ಒಣಗಿದಾಗ ಒಂದು ಬೀಡಿಯ ಕಿಡಿಯು ಗುಡ್ಡವನ್ನೆಲ್ಲ ಸುಡಬಲ್ಲುದು. ಆಗ ದಾರಿಗಳನ್ನು ಮುಚ್ಚುವುದು ನ್ಯಾಯ. ಜಡಿಮಳೆಯಲ್ಲಿ ನೆನೆದು ಮೆತ್ತಗಾದ ದಾರಿಗೂ ವಿಶ್ರಾಂತಿ ಬೇಕು. 1957ರಲ್ಲಿ ಸೊರಬದ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣೆಗಳಿಂದ ಹರಡುವುದರಿಂದ, ಅದು ಕಾಣಿಸಿಕೊಂಡ ಕಡೆಯಲ್ಲಿ ಬೇಸಗೆಯ ಸಂಚಾರವನ್ನು ನಿಲ್ಲಿಸುವುದೂ ಯುಕ್ತವೇ. ಆದರೆ ಕಾಲಕ್ಕೂ ಸ್ಥಳಕ್ಕೂ ತಕ್ಕ ನಿಷೇಧ ಬೇರೆ, ಶಾಶ್ವತವಾದ ಬೀಗ ಬೇರೆ. ಜನರು ಕಾಣದ ಕಾಡಿಗಾಗಿ ಜನರು ಹೋರಾಡುವುದಿಲ್ಲ. ಬೆಂಗಳೂರಿನ ಅಂಚಿನ ತುರಹಳ್ಳಿಯ ಕಾಡನ್ನು ವೃಕ್ಷೋದ್ಯಾನವಾಗಿ ಮಾರ್ಪಡಿಸುವ ಆಲೋಚನೆಯು 2021ರಲ್ಲಿ ಹೊರಟಾಗ, ಕಾಡು ಕಾಡಾಗಿಯೇ ಇರಲೆಂದು ಎದ್ದುನಿಂತವರಲ್ಲಿ ಅದರ ಮಣ್ಣುದಾರಿಗಳಲ್ಲಿ ದಿನವೂ ನಡೆಯುತ್ತಿದ್ದವರೂ ಸೈಕಲ್ಲು ತುಳಿಯುತ್ತಿದ್ದವರೂ ಇದ್ದರು. ಹೊರಗೆ ನಿಲ್ಲಿಸಲ್ಪಟ್ಟವನು ಕಾವಲಿಗೆ ಬರುವುದಿಲ್ಲ.

ಈ ಮಾತಿಗೆ ಪರದೇಶದ ನಿದರ್ಶನವೂ ಇದೆ. ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಶ್ರೀಮಂತರು ಹಕ್ಕಿಬೇಟೆಗೆಂದು ಮೀಸಲಿಟ್ಟುಕೊಂಡಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ ಶ್ರಮಜೀವಿಗಳು ನಿಷೇಧವನ್ನು ಮೀರಿ ಅದನ್ನು ಹತ್ತಿದರು. ಅವರಲ್ಲಿ ಐವರಿಗೆ ಸೆರೆವಾಸವಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳನ್ನೂ ಜನರ ಪ್ರವೇಶವನ್ನೂ ಕುರಿತ ಶಾಸನವಾಯಿತು. 1965ರಲ್ಲಿ ತೆರೆದ ಪೆನ್ನೈನ್ ಮಾರ್ಗವೆಂಬ ದೀರ್ಘವಾದ ಕಾಲುದಾರಿಯು ಇಂದು ಅದೇ ಬೆಟ್ಟದ ಮೇಲೆ ಹಾಯುತ್ತದೆ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಶಾಸನವು ಇನ್ನೂ ಮುಂದೆ ಹೋಗಿ, ಜವಾಬ್ದಾರಿಯಿಂದ ವರ್ತಿಸುವ ಪಾದಚಾರಿಗೂ ಸೈಕಲ್ಲಿನವನಿಗೂ ಕುದುರೆ ಸವಾರನಿಗೂ ನಾಡಿನ ಬಹುಭಾಗದಲ್ಲಿ ಸಂಚಾರದ ಹಕ್ಕನ್ನು ಕೊಟ್ಟಿತು. ವಿಹಾರದ ಮೋಟಾರಿಗೆ ಕೊಡಲಿಲ್ಲ. ಗೆರೆಯನ್ನು ಎಳೆಯತಕ್ಕ ಸ್ಥಳವು ಅದೇ. ಮನುಷ್ಯನಿಗೂ ಕಾಡಿಗೂ ನಡುವೆ ಗೆರೆಯೆಳೆಯುವುದಲ್ಲ. ಸ್ವಂತ ಬಲದಿಂದ ಹೋಗುವವನಿಗೂ ಯಂತ್ರದ ಬಲದಿಂದ ನುಗ್ಗುವವನಿಗೂ ನಡುವೆ ಎಳೆಯುವುದು.

ಎರಡನೆಯ ಪಕ್ಷದವರು ವ್ಯವಹಾರಜ್ಞರು. “ರಸ್ತೆ ಬಂದರೆ ಹಣ ಬರುತ್ತದೆ, ಜೀಪು ಓಡಿಸುವವನೂ ಬಡವನೇ” ಎಂಬುದು ಇವರ ವಾದ. ಕಾಡಿನೊಳಗಣ ಹಳ್ಳಿಯಿಂದ ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯಲು ವಾಹನವೂ ದಾರಿಯೂ ಬೇಕು. ಅದನ್ನು ಆಕ್ಷೇಪಿಸುವುದು ನಿರ್ದಯತೆ. ಆದರೆ ಊರಿಗೆ ದಾರಿ ಬೇರೆ, ಶಿಖರಕ್ಕೆ ದಾರಿ ಬೇರೆ. ಮೋಟಾರಿನವನು ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಹಿಂದಿರುಗುತ್ತಾನೆ. ಹಳ್ಳಿಯಲ್ಲಿ ಅವನು ಬಿಟ್ಟುಹೋಗುವುದು ಹೊಗೆ ಮತ್ತು ಖಾಲಿ ಶೀಶೆ. ನಡೆದುಬಂದವನಿಗೆ ಊಟ ಬೇಕು, ರಾತ್ರಿಗೆ ಮಲಗಲು ಚಾಪೆ ಬೇಕು, ದಾರಿ ತೋರುವವನು ಬೇಕು. ಕೇರಳದ ಪೆರಿಯಾರಿನಲ್ಲಿ ಹಿಂದೆ ಕಳ್ಳತನದಿಂದ ಕಾಡಿನ ದಾಲ್ಚಿನ್ನಿಯ ತೊಗಟೆಯನ್ನು ಸುಲಿಯುತ್ತಿದ್ದವರೇ, 1990ರ ದಶಕದ ಕೊನೆಯಿಂದ, ಸಮಿತಿ ಕಟ್ಟಿಕೊಂಡು ಪ್ರವಾಸಿಗಳನ್ನು ಸಣ್ಣ ತಂಡಗಳಲ್ಲಿ ಕಾಲ್ನಡಿಗೆಯಿಂದ ಕರೆದೊಯ್ಯುತ್ತ ಅದೇ ಕಾಡನ್ನು ಕಾಯುವವರಾದರು. ಕಳ್ಳನನ್ನು ಕಾವಲಿನವನನ್ನಾಗಿ ಮಾಡಿದುದು ರಸ್ತೆಯಲ್ಲ, ಕಾಲುದಾರಿ. ಕರ್ನಾಟಕದಲ್ಲಿಯೂ ಗ್ರಾಮ ಅರಣ್ಯ ಸಮಿತಿಗಳಿವೆ. 2006ರ ಅರಣ್ಯಹಕ್ಕು ಕಾಯಿದೆಯೂ ಇದೆ. ಚಾರಣದ ಶುಲ್ಕದ ಹಣವು ಖಜಾನೆಯಲ್ಲಿ ಕರಗದೆ ದಾರಿಯ ಪಕ್ಕದ ಹಳ್ಳಿಗೆ ಲೆಕ್ಕಸಹಿತವಾಗಿ ಸೇರಬೇಕೆಂಬುದು ಅತಿಯಾಶೆಯಲ್ಲ.

ಬೈಸಿಕಲ್ಲಿನ ಮಾತಂತೂ ಈ ಚರ್ಚೆಯಲ್ಲಿ ಬರುವುದೇ ಅಪರೂಪ. 2006–07ರಿಂದ ಹಲವು ವರ್ಷ ಸರಕಾರವೇ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿದ ನಾಡಿದು. ಆ ಮಕ್ಕಳಿಗೆ ತಮ್ಮ ಸೀಮೆಯ ಕಾಡನ್ನು ಅದೇ ಸೈಕಲ್ಲಿನ ಮೇಲೆ ನೋಡಿಬರಲು ಒಂದು ದಾರಿಯನ್ನು ಗುರುತುಮಾಡಿಕೊಡಬೇಕೆಂದು ಯಾರಿಗೂ ತೋರಲಿಲ್ಲ. ಸೈಕಲ್ಲನ್ನು ಹುಲ್ಲಿನ ಗುಡ್ಡದ ಮೇಲೆ ಹತ್ತಿಸಬೇಕೆಂದು ಇದರ ಅರ್ಥವಲ್ಲ. ಹಳೆಯ ಗಾಡಿದಾರಿಗಳು, ನೆಡುತೋಪುಗಳ ನಡುವಣ ಹಾದಿಗಳು, ಗಣಿಗಾಗಿ ಕಡಿದು ಬಿಟ್ಟ ರಸ್ತೆಗಳು ಹೀಗೆ ಈಗಾಗಲೇ ಒಡೆದ ನೆಲವೇ ಬೇಕಾದಷ್ಟಿದೆ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ರೈಲು ನಿಂತುಹೋದ ಹಳಿದಾರಿಯೊಂದನ್ನು ಸರಕಾರವು ಕೊಂಡು, ಎಲ್ರಾಯ್ ಎಂಬ ಊರಿನಿಂದ ಸ್ಪಾರ್ಟಾ ಎಂಬ ಊರಿಗೆ ಮೂರು ಸುರಂಗಗಳ ಮೂಲಕ ಹಾಯುವ 32 ಮೈಲಿಗಳ ಸೈಕಲ್ ಮಾರ್ಗವನ್ನಾಗಿ 1967ರಲ್ಲಿ ತೆರೆಯಿತು. ನಡುವಣ ಸಣ್ಣ ಊರುಗಳು ಇಂದಿಗೂ ಆ ಸವಾರರಿಗೆ ಅನ್ನ ವಸತಿಗಳನ್ನು ಒದಗಿಸುತ್ತವೆ. ಅದಕ್ಕಾಗಿ ಹೊಸದಾಗಿ ಕಾಡನ್ನು ಕಡಿಯಬೇಕಾಗಲಿಲ್ಲ.

ದಾರಿಯೆಂಬುದು ತಾನಾಗಿ ಆಗುವಂಥದಲ್ಲ, ಕಟ್ಟತಕ್ಕ ವಸ್ತು. ಗುಡ್ಡದ ಇಳುಕಲಿಗೆ ನೇರವಾಗಿ ಏರುವ ದಾರಿಯು ಮಳೆಗಾಲದಲ್ಲಿ ಹಳ್ಳವಾಗುತ್ತದೆ. ಪಕ್ಕಕ್ಕೆ ಸರಿದ ನಡಿಗೆಯವರು ಇನ್ನೊಂದು ಹಳ್ಳವನ್ನು ಮಾಡುತ್ತಾರೆ. ದಾರಿಯ ಏರು ಗುಡ್ಡದ ಏರಿನ ಅರ್ಧವನ್ನು ಮೀರದೆ, ಸರಾಸರಿಯಲ್ಲಿ ನೂರಕ್ಕೆ ಹತ್ತರೊಳಗೆ ಇದ್ದು, ಹೊರಮಗ್ಗುಲಿಗೆ ತುಸು ಓರೆಯಾಗಿದ್ದರೆ ನೀರು ದಾರಿಯುದ್ದಕ್ಕೆ ಓಡದೆ ಅಡ್ಡಲಾಗಿ ಇಳಿದುಹೋಗುತ್ತದೆಂಬುದು ಬೆಟ್ಟದಲ್ಲಿ ಸೈಕಲ್ ಮಾರ್ಗಗಳನ್ನು ಕಟ್ಟುವವರು ಕಂಡುಕೊಂಡ ಸೂತ್ರ. ಆಗುಂಬೆಯಂತೆ ವರ್ಷಕ್ಕೆ 7,000 ಮಿಲಿಮೀಟರಿಗೆ ಮೇಲ್ಪಟ್ಟು ಮಳೆ ಬೀಳುವ ಸೀಮೆಗೆ ಇದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಇದಕ್ಕೆ ಬೇಕಾದುದು ಗುದ್ದಲಿ, ಕಲ್ಲು ಮತ್ತು ನೀರಿನ ಓಟವನ್ನು ಬಲ್ಲ ಹಳ್ಳಿಯವನ ಕಣ್ಣು; ಜಲ್ಲಿ ಡಾಮರುಗಳಲ್ಲ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದು ಬಲ್ಲ ಮಲೆನಾಡಿನವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವನನ್ನು ಕರೆದು ಕೂಲಿ ಕೊಡುವವರು ಮಾತ್ರ ಬೇಕು.

ಆದುದರಿಂದ ಸರಕಾರವೂ ಜನರೂ ಮಾಡತಕ್ಕುದು ಇಷ್ಟು. ವಿಹಾರದ ಮೋಟಾರುಗಳು ಬೆಟ್ಟದ ಬುಡದಲ್ಲಿಯೇ ನಿಲ್ಲಲಿ. ಗಹನಾರಣ್ಯವನ್ನು ಬಿಟ್ಟು ಅದರ ಅಂಚುಗಳಲ್ಲಿ ನಡೆಯುವ ದಾರಿಗಳೂ ಸೈಕಲ್ಲಿನ ದಾರಿಗಳೂ ಹತ್ತಾಗಲಿ, ನೂರಾಗಲಿ. ಆಗ ಒಂದೊಂದರ ಮೇಲಣ ಭಾರವೂ ತಾನಾಗಿ ಇಳಿಯುವುದು. ಬೆಂಕಿಯ ಕಾಲದಲ್ಲಿಯೂ ಮಳೆಯ ಕಾಲದಲ್ಲಿಯೂ ಅವುಗಳನ್ನು ಮುಚ್ಚಲಿ. ದಾರಿಯ ಹಣವು ದಾರಿಗೂ ದಾರಿಯ ಹಳ್ಳಿಗೂ ಸಲ್ಲಲಿ. ನಡೆಯುವವನೂ ತನ್ನ ಪಾಲಿನ ಧರ್ಮವನ್ನು ಅರಿತು, ಹೊತ್ತುಕೊಂಡು ಹೋದುದೆಲ್ಲವನ್ನೂ ಹೊತ್ತುಕೊಂಡೇ ಹಿಂದಿರುಗಲಿ. ತಿರುವುಗಳನ್ನು ಕತ್ತರಿಸಿ ಅಡ್ಡದಾರಿ ಹಿಡಿಯದಿರಲಿ. ಉಂಬಳಕ್ಕೆ ನಾಲ್ಕು ತೊಟ್ಟು ರಕ್ತವನ್ನೂ ಬೆಟ್ಟಕ್ಕೆ ಒಂದು ದಿನದ ಬೆವರನ್ನೂ ಕೊಟ್ಟು ಏರಿದವನಿಗೆ ಆ ಬೆಟ್ಟದ ಮೇಲೆ ಮಮತೆ ಹುಟ್ಟುತ್ತದೆ. ಆ ಮಮತೆಯೊಂದೇ ಕಾಡಿಗೆ ಗಟ್ಟಿಯಾದ ಬೇಲಿ. ಅದು ಬೆಳೆಯತಕ್ಕ ದಾರಿಗಳನ್ನೇ ಮುಚ್ಚಿ, ಮುಳ್ಳುತಂತಿಯನ್ನು ನಂಬಿ ಕುಳಿತರೆ, ಮುಂದೊಂದು ದಿನ ಗಣಿಯವನು ಮತ್ತೆ ಬಂದಾಗ ಬೇಡವೆನ್ನುವುದಕ್ಕೆ ಯಾರೂ ಉಳಿದಿರುವುದಿಲ್ಲ.